ಕಾರಣ ಹೇಳಿಕೊಟ್ಟ ಸರ್

ಸಿಟ್ಟು ಬಂದರೆ ನಮ್ಮ ಸಮಾಜಶಾಸ್ತ್ರದ ಸರ್ ಅವರ ಕಿವಿಗಳು ಮೊದಲು ಕೆಂಪಾಗುತ್ತಿದ್ದವು, ಆಮೇಲೆ ಮಾತು ಬರುತ್ತಿತ್ತು. ಇಳಕಲ್ಲಿನ ಕಾಲೇಜಿನಲ್ಲಿ ಅವರಿಗೆ ಸಿಟ್ಟು ಬರದ ದಿನಗಳೇ ಕಡಿಮೆ. ನೇಕಾರರ ಮನೆಯಲ್ಲಿ ಹುಟ್ಟಿದವರು. ಪಾಠದಲ್ಲಿ ಜಾಗತೀಕರಣ ಬಂತೆಂದರೆ ಪುಸ್ತಕ ಮುಚ್ಚಿ, ನಮ್ಮ ಓಣಿಯ ಯಾವ ಮನೆಯ ಮಗ್ಗ ಯಾವಾಗ ನಿಂತಿತು ಎಂದು ಹೇಳುತ್ತಿದ್ದರು.

"ಕೆಲಸಾ ಕಸಗೊಂಡಾಂವ ದೂರ ಇರ್ತಾನ, ಕಾಣಂಗಿಲ್ಲ. ಬಾಜೂ ಮನ್ಯಾಂವ ಕಾಣ್ತಾನ. ಧರ್ಮದ ಹೆಸರಲೆ ಅವನ ಮ್ಯಾಲೆ ಬೀಳೂದು ಭಾಳ ಸಸಾರ," ಎನ್ನುತ್ತಿದ್ದರು. ಅದನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆ.

ಎರಡು ಸಾವಿರದ ಆಚೀಚೆಯ ವರ್ಷಗಳು. ಯಂತ್ರದ ಮಗ್ಗದಲ್ಲಿ ನೇಯ್ದ ನಕಲಿ ಇಳಕಲ್ ಸೀರೆ ಹೊರಗಿನಿಂದ ಬಂದು ಅರ್ಧ ಬೆಲೆಗೆ ಹೋಗುತ್ತಿತ್ತು. ಓಣಿಯವರು ಸಭೆ ಸೇರಿದ್ದು ಮಾತ್ರ, ತಲೆಮಾರುಗಳಿಂದ ನಮ್ಮ ನೂಲಿಗೆ ಬಣ್ಣ ಹಾಕುತ್ತಿದ್ದ ಮುಸ್ಲಿಂ ಚಾಚಾನಿಗೆ ಇನ್ನು ನೂಲು ಕೊಡಬಾರದು ಎಂದು! ಅಕ್ಷರ ದುಂಡಗಿವೆಯೆಂದು ಠರಾವು ಬರೆಯಲು ನನ್ನನ್ನೇ ಕೂರಿಸಿದರು.

ಸರ್ ಎದ್ದು ನಿಂತರು. ಅಧ್ಯಕ್ಷನಾಗಿ ಕುಳಿತಿದ್ದ ಸೀರೆ ವ್ಯಾಪಾರಿಯನ್ನೇ ಕೇಳಿದರು: "ಸಾವ್ಕಾರ್ರ, ನಿಮ್ಮ ಅಂಗಡ್ಯಾಗಿನ ನಕಲಿ ಸೀರಿಗೆ ಚಾಚಾ ಬಣ್ಣಾ ಹಾಕ್ಯಾನೇನ್ರಿ? ಅವನ್ನ ಲಾರಿಯೊಳಗ ತರಸಿದವ್ರು ಯಾರ್ರಿ?"

ಸಾಹುಕಾರ ನಕ್ಕ. "ಮಾಸ್ತರ, ಇದು ಧರ್ಮದ ಮಾತು. ಕುಂದರ್ರಿ."

ಆ ಸೀರೆಗಳಿಂದಲೇ ಮಗ್ಗ ಕಳೆದುಕೊಂಡವರು ಸರ್ ಅವರ ರಟ್ಟೆ ಹಿಡಿದು ಹೊರಗೆ ದಬ್ಬಿದರು. ನನ್ನಪ್ಪನೂ ಅವರಲ್ಲಿದ್ದ. ನಾನು ಪೆನ್ನು ಕೆಳಗಿಡಲಿಲ್ಲ. ಇವತ್ತಿಗೂ ಪೆನ್ನು ಹಿಡಿದು ಕೂತಿದ್ದ ಆ ಹುಡುಗಿಯ ಕೆನ್ನೆಗೆ ಬಾರಿಸಬೇಕು ಅನಿಸುತ್ತದೆ.

ಕೆಲವೇ ತಿಂಗಳಲ್ಲಿ ಚಾಚಾ ಬಣ್ಣದ ಹಂಡೆಗಳನ್ನು ಮಾರಿ ಊರು ಬಿಟ್ಟ. ಅವನ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಹೋದದ್ದು ಸರ್ ಒಬ್ಬರೇ. ನಕಲಿ ಸೀರೆಯ ಲಾರಿ ಮಾತ್ರ ಬರುತ್ತಲೇ ಇತ್ತು.

ಕಾಲೇಜಿನ ಪರೀಕ್ಷೆಯಲ್ಲಿ ಧಾರ್ಮಿಕ ಮೂಲಭೂತವಾದದ ಪ್ರಶ್ನೆಯೇ ಬಂತು. ನಿರುದ್ಯೋಗ, ಮಾರುಕಟ್ಟೆ, ತಮ್ಮತನ ಕಳೆದುಹೋಗುವ ಭಯ ಎಂದು ನಾಲ್ಕು ಪುಟ ತುಂಬಿಸಿದೆ. ಸರ್ ಪೂರ್ತಿ ಅಂಕ ಕೊಟ್ಟು ಉತ್ತರಪತ್ರಿಕೆಯನ್ನು ನನ್ನ ಮುಂದೆ ಒಗೆದರು.

"ಕಾರಣ ಎಲ್ಲಾ ಬರದೀ. ಠರಾವು ಬರದಾಕಿ ಬಗ್ಗೆ ಒಂದ ಸಾಲೂ ಇಲ್ಲಲ್ಲ, ಯವ್ವಾ?"

ತಪ್ಪಾಯಿತು ಎಂದು ಹೇಳುವ ಧೈರ್ಯ ಆಗಲೂ ಆಮೇಲೂ ಬರಲಿಲ್ಲ, ಅಷ್ಟರಲ್ಲಿ ಸರ್ ತೀರಿಕೊಂಡರು. ಈಗ ಬಾಗಲಕೋಟೆಯಲ್ಲಿ ಅದೇ ಪಾಠ ನಾನು ಮಾಡುತ್ತೇನೆ. ಕಾರಣಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಕೆಳಗೆ ನನ್ನ ಹೆಸರು ಬರೆಯುತ್ತೇನೆ.

"ಮೇಡಮ್, ನಿಮ್ಮ ಹೆಸರ ಯಾಕ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರತಿ ವರ್ಷವೂ, ಏನನ್ನೂ ಮುಚ್ಚಿಡದೆ ಹೇಳುತ್ತೇನೆ.