ಕಂಬಳಿ ಹೊದ್ದು ಐಸ್‌ಲ್ಯಾಂಡಿನಲ್ಲಿ ನಿಂತವರು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ರೂಢಿ ನನಗೆ ಕಾಲೇಜಿನಿಂದಲೂ ಇದೆ. ಆದರೆ ಸಿಟ್ಟು ಬಂದ ದಿನ ನಾನು ಬರೆಯುವುದು ಕಡಿಮೆ, ನೆನಪಿನಲ್ಲಿ ಬೆಳೆಸುವುದು ಹೆಚ್ಚು.

ಕೋವಿಡ್ ಮುಗಿದು ಒಂದೆರಡು ವರ್ಷವಾಗಿತ್ತು. ಚಿತ್ರದುರ್ಗದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೂರ್ಸ್ ಆಫೀಸು. ಹೆಚ್ಚಿನವರು ಕೇಳುವುದು ಕಾಶಿ, ರಾಮೇಶ್ವರ, ತಪ್ಪಿದರೆ ದುಬೈ. ಒಂದು ಬೆಳಿಗ್ಗೆ ಹೊಸದುರ್ಗದ ಗುತ್ತಿಗೆದಾರ ತಿಪ್ಪೇಸ್ವಾಮಿ ಹೆಂಡತಿಯ ಜೊತೆ ಬಂದು, ಮದುವೆಯ ಬೆಳ್ಳಿಹಬ್ಬಕ್ಕೆ ಐಸ್‌ಲ್ಯಾಂಡಿಗೆ ಹೋಗಬೇಕು ಎಂದರು. ಪಾಸ್‌ಪೋರ್ಟ್ ತೆರೆದೆ. ಹೆಸರು, ತಂದೆಯ ಹೆಸರು, ಊರು. ಮತ್ತೊಮ್ಮೆ ಮೊದಲಿನಿಂದ ಓದಿದೆ.

ಇಪ್ಪತ್ತಾರು ಇಪ್ಪತ್ತೇಳು ವರ್ಷದ ಹಿಂದೆ ಇದೇ ಮನುಷ್ಯ ರಾಮಗಿರಿಗೆ ನನ್ನನ್ನು ನೋಡಲು ಬಂದಿದ್ದರು, ತಮ್ಮ ಅಪ್ಪ ಮತ್ತು ಅಣ್ಣನ ಜೊತೆ. ನಮ್ಮದು ಕುರಿ ಸಾಕುವ ಮನೆ. ಬಂದವರಿಗೆ ಕರಿ ಕಂಬಳಿ ಹಾಸಿ ಕೂರಿಸುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ಅವತ್ತು ಹಾಸಿದ್ದು ಅಜ್ಜಿ ತನ್ನ ಕೈಯಲ್ಲೇ ನೂತ ಉಣ್ಣೆಯ ಕಂಬಳಿ. ನಾನು ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಆ ಅಣ್ಣತಮ್ಮ ಇಬ್ಬರು ಕೂತಿದ್ದ ಕಡೆಯಿಂದ ಒಂದು ದನಿ ಬಂತು:

"ಕುರಿ ವಾಸನೆ ಹೊಡಿತೈತೆ. ಕುರ್ಚಿ ಇದ್ರೆ ತರ್ರಿ."

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಅಪ್ಪ ಪಕ್ಕದ ಮನೆಯಿಂದ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ತಂದರು. ಸಂಬಂಧ ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಆಮೇಲೆ ಒಳ್ಳೆಯ ಕಡೆಯೇ ಮದುವೆಯಾಯಿತು. ಸಿಟ್ಟಿರುವುದು ಅಪ್ಪನ ತಲೆಯ ಮೇಲಿನ ಆ ಕುರ್ಚಿಗೆ.

ತಿಪ್ಪೇಸ್ವಾಮಿಗೆ ನನ್ನ ಗುರುತು ಹತ್ತಲಿಲ್ಲ. ಆಕಾಶದಲ್ಲಿ ಹಸಿರು ಬೆಳಕು ಕುಣಿಯುವುದನ್ನು ಮೇ ತಿಂಗಳಲ್ಲಿ ನೋಡಬೇಕು ಎಂದರು.

"ಮೇ ತಿಂಗ್ಳಾಗೆ ಅಲ್ಲಿ ಕತ್ತಲೇ ಆಗಲ್ಲ ಸಾರ್. ಬೆಳಕು ಕಾಣಬೇಕಂದ್ರೆ ಸೆಪ್ಟೆಂಬರ್‌ಗೆ ಹೋಗ್ರಿ."

"ನೀವು ಹೋಗಿ ನೋಡಿದೀರೇನು?"

"ಇಲ್ಲ ಸಾರ್."

"ಮತ್ತೆ? ಟಿಕೆಟ್ ಮಾಡೋರು ಟಿಕೆಟ್ ಮಾಡ್ಬೇಕಪ್ಪ," ಎಂದು ನಕ್ಕರು. ನಕ್ಕರೂ ಸೆಪ್ಟೆಂಬರಿಗೆ ಒಪ್ಪಿದರು.

ಅವರು ಫೋನು ಬಂತೆಂದು ಹೊರಗೆ ಹೋದಾಗ ಹೆಂಡತಿ ಜಯಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹಿರಿಯೂರು ಕಡೆಯ ಕುರಿಗಾರರ ಮಗಳು.

"ಅಲ್ಲಿ ಕುರಿ ಅವೆ ಅಂತಲ್ಲ, ಖರೇನಾ?"

"ಜನಕ್ಕಿಂತ ಜಾಸ್ತಿ ಅವೆ. ಸೆಪ್ಟೆಂಬರ್‌ನಾಗೆ ಗುಡ್ಡದಿಂದ ಇಳಿಸ್ಕೊಂಡು ಬಂದು ದೊಡ್ಡಿಗೆ ಕೂಡ್ತಾರೆ. ಯಾರ ಕುರಿ ಯಾವ್ದು ಅಂತ ಆರಿಸ್ತಾರೆ."

"ಹಂಗಾರೆ ನಂಗೆ ಅದೊಂದು ತೋರ್ಸಿಬಿಡ್ರಿ. ಮದುವೆ ಆದ್ಮೇಲೆ ನಾನು ದೊಡ್ಡಿ ಮೆಟ್ಟಿಲ್ಲ ಕಣ್ರಿ." ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಒಂದು ಕಂಬಳಿ ಒಯ್ಯಬೌದಾ? ಇವ್ರಿಗೆ ಹೇಳ್ಬ್ಯಾಡ್ರಿ. ನಮ್ಮ ಮನ್ಯಾಗೆ ಕಂಬಳಿ ಕಂಡ್ರೆ ಆಗಾಕಿಲ್ಲ."

ಆ ಮಾತು ಕೇಳಿದ ಮೇಲೆ, ಅವತ್ತು ಕುರಿ ವಾಸನೆ ಎಂದವರು ಇವರೇ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಒಗೆದು ಒಣಗಿಸಿದ್ದರೆ ತೊಂದರೆಯಿಲ್ಲ ಎಂದು ವಿಚಾರಿಸಿ ತಿಳಿಸಿದೆ. ಅಂಥ ದೊಡ್ಡಿಯೊಂದರ ಪಕ್ಕದ ತೋಟದ ಮನೆಯಲ್ಲಿ ವಸತಿಯನ್ನೂ ಹುಡುಕಿದೆ. ಈ ವೃತ್ತಿಯಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾರ ಪ್ರವಾಸವನ್ನೂ ಹೊಂದಿಸಿಲ್ಲ. ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ಪರವಾನಗಿ, ಅದರ ಕಾಗದಗಳಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆಗಲು ಬಿಡಲಿಲ್ಲ. ಅವರು ವೀಸಾ ಸಿಗದೆ ಮನೆಯಲ್ಲಿ ಉಳಿಯುವುದು ನನಗೆ ಬೇಕಿರಲಿಲ್ಲ. ಅವರು ಅಲ್ಲಿಗೆ ಹೋಗಬೇಕಿತ್ತು.

ದಂಪತಿಗಳಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ: ಇಬ್ಬರ ಬಟ್ಟೆಯನ್ನೂ ಎರಡೂ ಬ್ಯಾಗಿಗೆ ಅರ್ಧರ್ಧ ಹಾಕಿಕೊಳ್ಳಿ, ದಾರಿಯಲ್ಲಿ ಒಂದು ಬ್ಯಾಗು ತಪ್ಪಿಸಿಕೊಂಡರೂ ಇಬ್ಬರೂ ಬಚಾವು. ತಿಪ್ಪೇಸ್ವಾಮಿಗೆ ಅದನ್ನು ಹೇಳಲಿಲ್ಲ. ನಡುವೆ ವಿಮಾನ ಬದಲಿಸುವ ಕಡೆ ಕಾಯುವುದು ಬೇಡವೆಂದು ಅವರು ಬಿಡುವು ಕಡಿಮೆಯಿರುವ ಟಿಕೆಟನ್ನೇ ಆರಿಸಿದರು. ಅಷ್ಟರಲ್ಲಿ ಬ್ಯಾಗುಗಳು ವಿಮಾನ ಬದಲಿಸಲಾಗದೆ ಹಿಂದೆ ಉಳಿಯುವುದುಂಟು. ನಾನು ಬೇಡವೆನ್ನಲಿಲ್ಲ. ಟಿಕೆಟ್ ಮಾಡುವವಳು ಟಿಕೆಟ್ ಮಾಡಿದೆ. ಉಳಿದದ್ದು ನನ್ನ ಕೈಯಲ್ಲಿರಲಿಲ್ಲ. ಆದರೂ ಅವರು ಹೊರಟ ದಿನದಿಂದ ಫೋನನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದೆ.

ಕರೆ ಬಂತು.

"ಏನ್ ಮೇಡಂ, ಆಕಿ ಬ್ಯಾಗ್ ಬಂದೈತೆ, ನನ್ನದು ಬಂದಿಲ್ಲ! ಇಲ್ಲಿ ಗಾಳಿ ಮುಖಕ್ಕೆ ಹೊಡದಂಗೆ ಬೀಸ್ತೈತೆ. ಮೈಮ್ಯಾಗೆ ಒಂದು ತೆಳ್ಳನೆ ಜಾಕೆಟ್ ಬಿಟ್ರೆ ಏನಿಲ್ಲ."

"ಹುಡುಕಿಸ್ತೀನಿ ಸಾರ್. ಅಲ್ಲಿವರೆಗೆ ಅಲ್ಲೇ ಒಂದು ದಪ್ಪ ಕೋಟು ತಗಳ್ರಿ."

ಬೆಲೆ ನೋಡಿ ಅಂಗಡಿಯಿಂದ ಹಾಗೇ ಹೊರಗೆ ಬಂದರಂತೆ. ನಾನು ವಿಮಾನ ಕಂಪನಿಗೆ ಬಿಡದೆ ಫೋನು ಮಾಡಿ ಬ್ಯಾಗು ಎಲ್ಲಿದೆಯೆಂದು ಪತ್ತೆ ಮಾಡಿಸಿದೆ. ಕೆಲಸದಲ್ಲಿ ಕಳ್ಳತನ ಮಾಡಿದೆನೆಂದು ಯಾರೂ ಹೇಳುವಂತಿಲ್ಲ. ಆದರೆ ಅದು ಬರುವಷ್ಟರಲ್ಲಿ ಅವರು ಉತ್ತರದ ತೋಟದ ಮನೆಗೆ ಹೊರಡಬೇಕಿತ್ತು. "ಒಂದಿನ ಇಲ್ಲೇ ಕಾಯಾಣ ಅಂದ್ರೆ ಹೆಂಗೆ?" ಎಂದು ಕೇಳಿದರು.

"ಕಾದ್ರೆ ಕುರಿ ಇಳಿಸೋದು ತಪ್ಪಿಹೋಗ್ತೈತೆ ಸಾರ್. ಅಮ್ಮಾವ್ರು ಬಾಯಿಬಿಟ್ಟು ಕೇಳಿದ್ದು ಅದೊಂದೇ."

ಎರಡು ದಿನದ ಮೇಲೆ ಜಯಮ್ಮನ ಕರೆ. ಹಿಂದೆ ಸಾವಿರ ಕುರಿ ಅರಚುವ ಸದ್ದು.

"ಇಲ್ಲೂ ಕಿವಿ ಕೊಯ್ದು ಗುರುತು ಹಾಕ್ತಾರೆ ಕಣ್ರಿ, ನಮ್ಮಂಗೇ! ನಾನೂ ನಾಕು ಕುರಿ ಕೊಂಬು ಹಿಡ್ದು ಎಳ್ದೆ. ಈ ತೋಟದ ಮನೆ ಅಜ್ಜಿ ನನ್ನ ಬೆನ್ನು ತಟ್ಟಿದ್ಲು."

"ಸಾರ್ ಎಲ್ಲಿ?"

"ಕಂಬಳಿಯಾಗೆ ಅವ್ರೆ," ಎಂದು ಕಿಸಕ್ಕನೆ ನಕ್ಕರು.

ಹಿಂದೆಯೇ ಫೋಟೋ ಬಂತು. ಬೋಳು ಗುಡ್ಡ, ಬೂದು ಮೋಡ, ಬೇಲಿಯ ಪಕ್ಕ ತಿಪ್ಪೇಸ್ವಾಮಿ. ಕರಿ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಮೂಗಿನವರೆಗೆ ಬಿಗಿದಿದ್ದಾರೆ. ಕಣ್ಣೆರಡು ಮಾತ್ರ ಹೊರಗೆ. ಬಾಗಿಲು ಹಾಕಿಕೊಂಡು ಅದನ್ನು ಎಷ್ಟು ಹೊತ್ತು ನೋಡಿದೆನೋ. ಅಪ್ಪ ಬದುಕಿದ್ದರೆ ತೋರಿಸುತ್ತಿದ್ದೆ. ಜಯಮ್ಮನನ್ನು ಕೇಳಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗಿದೆ.

ಊರಿಗೆ ಮರಳಿದ ವಾರ ಅವರು ಬ್ಯಾಗಿನ ಜಗಳಕ್ಕೆಂದು ಬಂದರು. ನಾನು ತಯಾರಾಗಿಯೇ ಇದ್ದೆ. ಕುರ್ಚಿಗಳನ್ನು ಒಳಗೆ ಸರಿಸಿ, ಬೆಂಚಿನ ಮೇಲೆ ಅಜ್ಜಿಯ ಕಂಬಳಿ ಹಾಸಿದ್ದೆ.

"ಕುಂತ್ಕಳ್ರಿ ಸಾರ್. ಕುರ್ಚಿ ಇಲ್ಲ."

ನನ್ನ ಮುಖ ನೋಡಿಯಾರು, ನೆನಪಾದೀತು ಎಂದು ಕಾದೆ. ಅವರು ಕೂತರು, ಕೂತು ಕಂಬಳಿಯ ಮೇಲೆ ಕೈಯಾಡಿಸಿದರು. ಆಮೇಲೆ ಗೋಡೆ ನೋಡಿದರು.

"ಅಯ್ಯೋ, ಇದನ್ಯಾಕೆ ಹಾಕಿದ್ರಿ ಮೇಡಂ! ನಮ್ಮಣ್ಣ ನೋಡಿದ್ರೆ ಮುಗೀತು. ಅವ್ನಿಗೆ ಕಂಬಳಿ ಅಂದ್ರೆ ಮೊದ್ಲಿಂದ ಆಗಾಕಿಲ್ಲ. ಅವ್ನ ಬಾಯಿಗೆ ಹೆದ್ರಿ ಮನ್ಯಾಗೆ ಒಂದೂ ಇಟ್ಟಿಲ್ಲ ನಾವು." ಕಂಬಳಿಯ ಅಂಚನ್ನು ಮತ್ತೆ ಸವರಿ, "ಬೆಚ್ಚಗಿತ್ತು ಬಿಡ್ರಿ," ಎಂದರು.

ಬ್ಯಾಗಿನ ಜಗಳ ಅವರೂ ಮರೆತರು, ನಾನೂ ಮರೆತೆ. ಅವರು ಹೋದ ಮೇಲೆ ಹಳೆಯ ದಿನಚರಿ ಹುಡುಕಿ ತೆಗೆದೆ. 'ಗಂಡಿನ ಕಡೆಯವರು ಕುರ್ಚಿ ಕೇಳಿದರು' ಎಂದಷ್ಟೇ ಇತ್ತು, ಕೇಳಿದ್ದು ಯಾರೆಂದು ಇರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಕೌಂಟರಿನ ಈ ಬದಿ ಕೂತವರು ಒಂದು ಮಾತು ನುಂಗಿದರೆ ಸಾಕು, ಆ ಬದಿಯವರು ಭೂಮಿಯ ತುದಿಯಲ್ಲಿ ನಡುಗುತ್ತಾರೆ. ಹಾಗಾಗಿ ಯಾರನ್ನು ನಡುಗಿಸುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು.

ಅವತ್ತು ರಾಮಗಿರಿಯಲ್ಲಿ ತಿಂಡಿಯ ತಟ್ಟೆ ಹಿಡಿದು ಗಂಡಿನ ಕಡೆಯವರ ಎದುರಿಗೇ ನಿಂತಿದ್ದವಳು ನನ್ನ ಚಿಕ್ಕಮ್ಮ. ಮುಂದಿನ ಭಾನುವಾರ ಅವಳ ಹತ್ತಿರ ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಫೋನಿನಲ್ಲಿ ಫೋಟೋ ತೋರಿಸಿದೆ. ಎರಡು ಬೆರಳಿನಲ್ಲಿ ಹಿಗ್ಗಿಸಿ, ಆ ಎರಡು ಕಣ್ಣುಗಳನ್ನು ತುಂಬಾ ಹೊತ್ತು ನೋಡಿದಳು. ಫೋನನ್ನು ನನ್ನ ಮಡಿಲಲ್ಲಿಟ್ಟು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಹೇಳು ಚಿಕ್ಕಮ್ಮ, ಕುರಿ ವಾಸನೆ ಅಂದಿದ್ದು ಇವ್ನಾ, ಇವ್ರಣ್ಣನಾ?"