ಯಾರೆಂದು ತಿಳಿದುಬಂದಿಲ್ಲ

ಮೂರು ತಿಂಗಳ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ನಾನೊಬ್ಬರಿಗೆ ಚೆನ್ನಾಗಿ ಬೈದಿದ್ದೆ. ಕಳೆದ ಭಾನುವಾರ ಅವರು ನಮ್ಮ ಮನೆಗೇ ಬಂದರು.

ಬಿಳಿ ಷರಟು, ಸಾದಾ ಪಂಚೆ, ಕೈಯಲ್ಲೊಂದು ಚೀಲ. ಶಿಕಾರಿಪುರದಿಂದ ಮೊದಲ ಬಸ್ಸಿಗೇ ಸೊರಬಕ್ಕೆ ಬಂದಿಳಿದಿದ್ದರು. "ಇದನ್ನ ಬರೆದ ಮೇಷ್ಟ್ರು ನೀವೇ ಏನ್ರೀ?" ಎಂದು ಜೇಬಿನಿಂದ ಪತ್ರಿಕೆಯ ತುಂಡೊಂದನ್ನು ತೆಗೆದರು. ನನ್ನದೇ ಬರಹ. ಶಿಕಾರಿಪುರದಲ್ಲಿರುವ ಅವರ ಅಕ್ಕ ಕತ್ತರಿಸಿ ಕಳಿಸಿದ್ದರಂತೆ. (ಬೈಸಿಕೊಂಡವರು ಎದುರಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲೇ ಅಲ್ಲವೇ ನಮ್ಮಂಥವರು ಬರೆಯುವುದು?)

ಮರೆತವರಿಗಾಗಿ ಹೇಳುತ್ತೇನೆ. ನಮ್ಮ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಇಮಾಮ್ ಸಾಬರಿದ್ದಾರೆ (ಹೆಸರು ಬದಲಿಸಿದ್ದೇನೆ). ಅವರ ಮಗ ಗಫೂರ್ ಮಿಲಿಟರಿಯಲ್ಲಿ ಡ್ರೈವರ್. ಇಂಡೋಚೈನಾ ಕಡೆಯ ಒಂದು ದೇಶದಲ್ಲಿ ಕದನವಿರಾಮ ನೋಡಿಕೊಳ್ಳಲು ಮೂರು ದೇಶದವರು ಸೇರಿದ ಆಯೋಗವೊಂದಿದೆ. ಅದರಲ್ಲಿ ನಮ್ಮ ದೇಶದ ರಾಜತಾಂತ್ರಿಕರೊಬ್ಬರ ಜೀಪು ಓಡಿಸುತ್ತಿದ್ದ. ಬಿಳಿ ಬಾವುಟ ಕಟ್ಟಿದ್ದ ಆ ಜೀಪಿನ ಮೇಲೆ ಯಾರೋ ಗುಂಡು ಹಾರಿಸಿದರು. ಹುಡುಗ ಹೋಗಿಬಿಟ್ಟ.

ಆ ಅಧಿಕಾರಿ ಬರೆದ ಇಂಗ್ಲಿಷ್ ಕಾಗದವನ್ನು ಸಾಬರು ನನ್ನ ಹತ್ತಿರ ಓದಿಸಲು ತಂದಿದ್ದರು. ಅದರಲ್ಲಿ ಎಲ್ಲವೂ ಇತ್ತು. ಗುಂಡು ಯಾವ ಕಡೆಯಿಂದ ಬಂತೆಂಬುದು ಮಾತ್ರ ಇರಲಿಲ್ಲ. "ಯಾರೆಂದು ತಿಳಿದುಬಂದಿಲ್ಲ" ಎಂದಿತ್ತು. ಪಕ್ಕದ ಸೀಟಿನಲ್ಲೇ ಕೂತಿದ್ದವರಿಗೆ ತಿಳಿಯಲಿಲ್ಲವೇ? ನನಗೆ ಮೈಯೆಲ್ಲ ಉರಿದುಹೋಯಿತು. ಸೂಟು ಹಾಕಿಕೊಂಡು ಎರಡೂ ಕಡೆಯವರ ಜೊತೆ ಟೀ ಕುಡಿಯುವ ಈ ಮಹಾನುಭಾವರು ಒಂದು ಹೆಸರು ಬರೆಯಲಾರರೇ, ಇವರ ಪೆನ್ನಿಗೆ ಏನು ಧಾಡಿ ಎಂದು ಬರೆದುಬಿಟ್ಟೆ.

ಆ ಮಹಾನುಭಾವರೇ ಈಗ ನಮ್ಮ ಜಗಲಿಯಲ್ಲಿ ಕೂತಿದ್ದರು. ಅವರನ್ನು ರಾಯರು ಎನ್ನೋಣ.

"ಬೈದದ್ದು ಸರಿ ಐತ್ರೀ. ಸಾಬರ ಮನೆ ತೋರಿಸಿ. ಒಬ್ಬನೇ ಹೋಗಾಕೆ ಕಾಲು ಬರವಲ್ದು" ಎಂದರು.

ಹೊರಟೆವು. ಸಾಬರು ಮನೆ ಮುಂದೆ ತಿದಿ ಊದಿಕೊಂಡು ಹಂಡೆಯೊಂದಕ್ಕೆ ಕಲಾಯಿ ಹಾಕುತ್ತಿದ್ದರು. ಇವರು ಯಾರೆಂದು ಹೇಳಿದೆ. ಅವರ ಕೈ ನಿಂತಿತು. ಆದರೂ ಮೊದಲು ಚಾಪೆ ಹಾಸಿದರು, ನೀರು ತಂದುಕೊಟ್ಟರು. ಆಮೇಲೆ ಕೇಳಿದರು: "ಯಾರು ಸ್ವಾಮಿ ಹೊಡೆದಿದ್ದು?"

ಅಷ್ಟು ದೂರದಿಂದ ಬಂದವರಿಗೆ ಒಂದೇ ಪ್ರಶ್ನೆ. ಬೇರೇನು ಕೇಳುತ್ತಾರೆ ಹೇಳಿ?

ರಾಯರು ಕತ್ತು ತಗ್ಗಿಸಿಯೇ ಮಾತಾಡಿದರು. ಅಲ್ಲೊಂದು ಹೊಳೆ. ಆಚೆ ಒಂದು ಪಕ್ಷ, ಈಚೆ ಒಂದು ಪಕ್ಷ. ಹಳ್ಳಿಯವರ ಗದ್ದೆಗಳೋ ಎರಡೂ ದಡಕ್ಕೆ ಹಂಚಿಹೋಗಿವೆ. ಭತ್ತ ಹಣ್ಣಾಗಿ ಉದುರುವ ಹೊತ್ತು. ಹೊಳೆ ದಾಟಿ ಕೊಯ್ಲು ಮಾಡಲು ಎರಡು ವಾರ ಬಿಡಿ ಎಂದು ರಾಯರು ತಿಂಗಳುಗಟ್ಟಲೆ ಅವರ ಕಾಲು, ಇವರ ಕಾಲು ಹಿಡಿದು ಒಪ್ಪಿಸಿದ್ದರು. ಎರಡೂ ಕಡೆಯವರ ಸಹಿ ತರಲು ಹೋಗುವ ದಾರಿಯಲ್ಲೇ ಗುಂಡು ಬಿದ್ದದ್ದು.

"ರಿಪೋರ್ಟಿನಾಗೆ ಒಂದು ಕಡೆ ಹೆಸರು ಬರೆದಿದ್ರೆ ಅವರು ಸಹಿ ಹಾಕದೆ ಅವತ್ತೇ ಎದ್ದು ಹೋಗ್ತಿದ್ರು. ಮತ್ತೆ ಗುಂಡು ಶುರು ಆಗ್ತಿತ್ತು. ಗದ್ದೆಗೆ ಇಳಿದವರೆಲ್ಲ ಹೆಂಗಸರು, ಮುದುಕರು ಸಾಬ್ರೇ."

ಸಾಬರ ದನಿ ಏರಿತು. "ಹಂಗಾದ್ರೆ ನನ್ನ ಮಗನ ಜೀವ ಭತ್ತಕ್ಕೆ ಹೋಯ್ತಾ?"

ರಾಯರು ಸಮಜಾಯಿಷಿ ಕೊಡಬಹುದಿತ್ತು. ಮಾತಿನಲ್ಲೇ ಬದುಕುವವರಲ್ಲವೇ? "ಹೌದ್ರೀ" ಎಂದರು, ಅಷ್ಟೆ. ನೀರಿನ ಲೋಟ ಕೆಳಗಿಟ್ಟು, "ನಿಮಗೆ ಬರೆದ ಕಾಗದ ಏಳು ಸಲ ಬರೆದೆ. ಆರು ಸಲ ಹೆಸರು ಬರೆದು ಹರಿದು ಹಾಕಿದೆ. ಕಾಗದ ಯಾರ್ಯಾರ ಕೈ ದಾಟಿ ಬರ್ತದೋ" ಎಂದರು.

ನಾನೋ, ಒಂದೇ ಸಲಕ್ಕೆ ಬರೆದು ಅಂಚೆಗೆ ಹಾಕಿದವನು.

ಆಮೇಲೆ ರಾಯರು ಗಫೂರನ ಸುದ್ದಿ ತೆಗೆದರು. ಅಲ್ಲಿನ ಅಡುಗೆಮನೆಯ ಹಿತ್ತಾಳೆ ಪಾತ್ರೆಗಳ ಕಲಾಯಿ ಹೋಗಿದ್ದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲವಂತೆ. ಎಲ್ಲಿಂದಲೋ ಕಲಾಯಿಗೆ ಬೇಕಾದ ತವರ, ನವಸಾಗರ ಹೊಂದಿಸಿ, ಜೀಪಿನ ಗಾಳಿ ಪಂಪನ್ನೇ ತಿದಿ ಮಾಡಿಕೊಂಡು ಎಲ್ಲವನ್ನೂ ಬೆಳಗಿಸಿದನಂತೆ. ಎರಡೂ ಕಡೆಯ ಅಧಿಕಾರಿಗಳು ಮಾತುಕತೆಗೆ ಬಂದಾಗ ಅದೇ ಪಾತ್ರೆಯಲ್ಲಿ ಕಾಸಿದ ಟೀ. (ನಾನು ಹೀಯಾಳಿಸಿದ ಆ ಟೀ ಇದೇ.)

"ಅಂಚಿಗೆ ಕಲಾಯಿ ಸರಿಯಾಗಿ ಹತ್ತಿತ್ತಾ?" ಸಾಬರು ಕೇಳಿದರು.

"ಹತ್ತಿತ್ತು."

"ಅಂಚಿಗೆ ಮಾತ್ರ ಯಾವಾಗ್ಲೂ ಅವಸರ ಮಾಡ್ತಿದ್ದ" ಎಂದವರೇ ಸಾಬರು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಅಳು ನಿಂತ ಮೇಲೆ ಅವರು ರಾಯರ ಹತ್ತಿರ ಸರಿದರು. "ರಿಪೋರ್ಟಲ್ಲಿ ಬರೀಬೇಡಿ ಸ್ವಾಮಿ. ನನ್ನ ಕಿವೀಲಿ ಹೇಳಿ. ನಾನು ಅವನ ಅಪ್ಪ. ಯಾರ ಹತ್ರಾನೂ ಬಾಯಿ ಬಿಡಲ್ಲ."

ರಾಯರು ನನ್ನತ್ತ ನೋಡಿದರು. ಆ ನೋಟ ಅರ್ಥವಾಗದಷ್ಟು ದಡ್ಡ ನಾನಲ್ಲ. ಪತ್ರಿಕೆಗೆ ಬರೆಯುವವನಲ್ಲವೇ ನಾನು! ಎದ್ದು ಹೋಗಿ ಬೀದಿಯಲ್ಲಿ ನಿಂತೆ. ಇಷ್ಟು ವರ್ಷ ಬರೆದದ್ದಕ್ಕೆ ಸಿಕ್ಕಿದ ಮರ್ಯಾದೆ ಇದು ಅನ್ನಿಸಿ ನಾಚಿಕೆಯಾಯಿತು.

ರಾಯರು ಹೇಳಿದರೋ, ಹೇಳಲಿಲ್ಲವೋ, ನನಗೆ ಗೊತ್ತಿಲ್ಲ. ಆಮೇಲೂ ಕೇಳಲಿಲ್ಲ. ದೇಶದ ಹೆಸರು ಬಿಟ್ಟು ಉಳಿದದ್ದು ಬರೆಯಬಹುದು ಎಂದು ಬಸ್ ಸ್ಟಾಂಡಿನಲ್ಲಿ ಅವರೇ ಒಪ್ಪಿಗೆ ಕೊಟ್ಟದ್ದರಿಂದ ಇಷ್ಟು ಬರೆದಿದ್ದೇನೆ. ರಜೆ ಮುಗಿಯುತ್ತಲೇ ಅವರು ಮತ್ತೆ ಅದೇ ಹೊಳೆಯ ದಡಕ್ಕೆ ಹೋಗುತ್ತಾರೆ.

ಆದರೆ ಸಾಬರ ಮನೆಯಿಂದ ಹೊರಡುವ ಮುಂಚೆ ಇನ್ನೊಂದು ನಡೆಯಿತು. ನನ್ನನ್ನು ಮತ್ತೆ ಹತ್ತಿರ ಕರೆದಾಗ ಸಾಬರು ಆರಿದ ಒಲೆ ನೋಡುತ್ತಾ ಕೂತಿದ್ದರು. ಅಷ್ಟರಲ್ಲಿ ಬಾಗಿಲ ಪರದೆಯ ಹಿಂದಿನಿಂದ ಗಫೂರನ ತಾಯಿ ಉರ್ದುವಿನಲ್ಲಿ ಕೇಳಿದರು. ಯಾರಂತೆ ಹೊಡೆದದ್ದು?

ಸಾಬರು ರಾಯರ ಮುಖ ನೋಡಿದರು, ನನ್ನ ಮುಖ ನೋಡಿದರು. ಮನೆಯವರ ಜೊತೆ ಯಾವಾಗಲೂ ಉರ್ದು ಆಡುವ ಮನುಷ್ಯ, ನಮಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲೇ ಹೇಳಿದರು.

"ಗೊತ್ತಾಗ್ಲಿಲ್ಲಂತೆ ಕಣೇ."

ಅಂದು ಪೆನ್ನಿಗೆ ಏನು ಧಾಡಿ ಎಂದು ಕೇಳಿದವನು ನಾನು. ಇಮಾಮ್ ಸಾಬರ ನಾಲಿಗೆಗೆ ಏನು ಧಾಡಿ ಎಂದು ಈಗ ಯಾವ ಬಾಯಲ್ಲಿ ಕೇಳಲಿ?