ದೊಡ್ಡ ಭಾನುವಾರ

ನನ್ನ ಭಾವನಿಗೆ ದೇವರಲ್ಲಿ ನಂಬಿಕೆ ಇಲ್ಲ. ಇದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ. ಮನೆಯಲ್ಲಿ ಯಾರೂ ಅಕಾಲದಲ್ಲಿ ಸಾಯಲಿಲ್ಲ, ಯಾವ ಪ್ರಾರ್ಥನೆಯೂ ಕೈಕೊಡಲಿಲ್ಲ, ದಪ್ಪ ಪುಸ್ತಕ ಓದಿ ತಲೆ ಕೆಡಿಸಿಕೊಂಡದ್ದೂ ಇಲ್ಲ. ಕೆಲವರಿಗೆ ಬದನೆಕಾಯಿ ಸೇರುವುದಿಲ್ಲವಲ್ಲ, ಹಾಗೆ ಇವರಿಗೆ ದೇವರು ಸೇರಲಿಲ್ಲ.

ಮದುವೆಗೆ ಮುಂಚೆಯೇ ಅದನ್ನು ಅಕ್ಕನ ಕಿವಿಗೆ ಹಾಕಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ.

"ನಾನು ಇದನ್ನೆಲ್ಲ ನಂಬೋದಿಲ್ಲ. ಈಗಲೇ ಹೇಳ್ಬಿಡ್ತೀನಿ," ಎಂದರು ಭಾವ.

ಅಕ್ಕ ಒಂದು ಗಳಿಗೆ ಯೋಚಿಸಿ, "ಕುಡಿಯೋದು?" ಎಂದು ಕೇಳಿದಳು.

"ನೀರು ಮಾತ್ರ."

"ಹಾಗಾದ್ರೆ ಪರವಾಗಿಲ್ಲ."

ನೀರಿನ ಮಾತು ಸುಮ್ಮನೆ ಬಂದದ್ದಲ್ಲ. ಭಾವ ನಗರದ ನೀರು ಸರಬರಾಜಿನಲ್ಲಿ ಪಂಪ್ ಆಪರೇಟರ್. ಪಂಪ್‌ಹೌಸಿನಲ್ಲಿ ಮೂರು ಪಂಪು, ನೀಲಿ ಬಣ್ಣ ಬಳಿದ ಹನ್ನೊಂದು ವಾಲ್ವ್, ಗಾಜು ಮಂಜಾದ ಒಂದು ಪ್ರೆಶರ್ ಮೀಟರ್, ಒಂದು ಉದ್ದನೆಯ ರಿಜಿಸ್ಟರ್, ಮತ್ತು ಮುರಿದ ಕೈಗೆ ರಬ್ಬರ್ ಟ್ಯೂಬ್ ಸುತ್ತಿದ ಒಂದು ಕುರ್ಚಿ. ಭಾವ ಮೀಟರ್ ನೋಡುತ್ತಿರಲಿಲ್ಲ. ಪೈಪಿನ ಮೇಲೆ ಅಂಗೈ ಇಟ್ಟು, ಯಾವ ಬೀದಿಗೆ ನೀರು ಹತ್ತಿದೆ, ಯಾವ ಬೀದಿಗೆ ಹತ್ತಿಲ್ಲ ಎಂದು ಹೇಳುತ್ತಿದ್ದರು. ತೆರೆದ ನಲ್ಲಿಯ ಸದ್ದು ಮಾತ್ರ ಅವರಿಂದ ತಡೆಯಲಾಗದು. ತಮ್ಮ ಮದುವೆಯ ದಿನವೇ, ಅಕ್ಕನ ಪಕ್ಕದಿಂದ ದಿಢೀರನೆ ಎದ್ದು ಹೋದರು. ಗಂಡು ಓಡಿಹೋದ ಎಂದು ನಮ್ಮಮ್ಮ ಎದೆ ಹಿಡಿದುಕೊಂಡಳು. ಹಿತ್ತಿಲಲ್ಲಿ ಯಾರೋ ಬಿಟ್ಟುಹೋಗಿದ್ದ ನಲ್ಲಿ ಮುಚ್ಚಿ, ಕೈ ಒರೆಸಿಕೊಳ್ಳುತ್ತ ಬಂದು ಕೂತರು.

ಪಂಪ್‌ಹೌಸಿನಲ್ಲಿ ಏಳು ಜನ ನೌಕರರು, ಅವರಿಗೆ ನಾಲ್ಕು ಬಗೆಯ ದೇವರು. ಯಾರ ಹಬ್ಬ ಬಂದರೂ ಅಂದಿನ ಡ್ಯೂಟಿ ಭಾವನದೇ. "ನನಗೇನು, ನೀವು ಹೋಗಿ," ಎಂದು ಎಲ್ಲರನ್ನೂ ಮನೆಗೆ ಅಟ್ಟುತ್ತಿದ್ದರು. ಹೀಗಾಗಿ ಭಾವ ನೂರು ವರ್ಷ ಗಟ್ಟಿಯಾಗಿರಲಿ ಎಂದು ನಾಲ್ಕು ಕಡೆ ಪ್ರಾರ್ಥನೆ ನಡೆಯುತ್ತಿತ್ತು. ನಮ್ಮ ಊರಿನ ಯಾವ ಭಕ್ತನಿಗೂ ಈ ಸವಲತ್ತು ಇದ್ದಹಾಗೆ ನನಗೆ ಗೊತ್ತಿಲ್ಲ.

ಹಬ್ಬ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಆ ಮಾತು ಹೇಳಿದ್ರೆ ಒಪ್ಪಿಕೊಂಡ ಹಾಗೆ," ಎನ್ನುತ್ತಿದ್ದರು. ಅದರ ಬದಲು ದೊಡ್ಡ ಭಾನುವಾರ ಎಂದೊಂದು ಮಾತು ಕಟ್ಟಿಕೊಂಡಿದ್ದರು. "ಈ ಸಲ ಬುಧವಾರ ದೊಡ್ಡ ಭಾನುವಾರ ಬಂದಿದೆ," ಎಂದು ಮುಖದಲ್ಲಿ ನಗುವಿಲ್ಲದೆ ಹೇಳುತ್ತಿದ್ದರು. ಅವರ ಮಗಳು ಮೂರನೇ ತರಗತಿಯಲ್ಲಿ, ವಾರಕ್ಕೆ ಎಷ್ಟು ದಿನ ಎಂದು ಕೇಳಿದ್ದಕ್ಕೆ ಎಂಟು ಎಂದು ಬರೆದು ಬಂದಿದ್ದಳು. ಅವಳೀಗ ಆಸ್ಪತ್ರೆಯಲ್ಲಿ ನರ್ಸ್. ಅಪ್ಪನ ಹಾಗೆಯೇ ಎಲ್ಲರ ರಜೆಯ ದಿನ ಅವಳಿಗೆ ಡ್ಯೂಟಿ.

ಅಕ್ಕನಾದರೋ ಹಬ್ಬವನ್ನು ಹಬ್ಬವೆಂದೇ ಮಾಡುವವಳು. ಮುಂಜಾನೆ ಸ್ನಾನ, ಅಡುಗೆ, ಮೇಜಿನ ಮೇಲೆ ದೀಪ, ಒಂಬತ್ತಕ್ಕೆ ಪ್ರಾರ್ಥನೆ, ಆಮೇಲೆ ಎಲ್ಲರೂ ಒಟ್ಟಿಗೆ ಊಟ. ಅವಳ ಪ್ರಾರ್ಥನೆ ಉದ್ದ. ನೆಂಟರಿಷ್ಟರನ್ನೆಲ್ಲ ಒಬ್ಬೊಬ್ಬರಾಗಿ ದೇವರಿಗೆ ಪರಿಚಯಿಸಿ, ಅವರವರ ಮಂಡಿನೋವು, ಮಕ್ಕಳ ಪರೀಕ್ಷೆ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅನ್ನ ಆರಿರುತ್ತದೆ. ಅವಳ ಪಕ್ಕದ ಕುರ್ಚಿ ಖಾಲಿ. ನಾನೊಮ್ಮೆ ಅಲ್ಲಿ ಕೂರಲು ಹೋದಾಗ, "ಅಲ್ಲಿ ಬೇಡ, ಈ ಕಡೆ ಬಾ," ಎಂದಳು. ಆ ಕುರ್ಚಿ ಯಾರದೆಂದು ನನಗೆ ಅಂದೇ ತಿಳಿಯಿತು. ಕುರ್ಚಿಯ ಯಜಮಾನರು ಮಧ್ಯಾಹ್ನ ಎರಡಕ್ಕೆ ಸೈಕಲ್ ತುಳಿದುಕೊಂಡು ಬಂದು, ಕೈ ತೊಳೆದು, ಉಳಿದ ಸಿಹಿಯನ್ನೆಲ್ಲ ಖಾಲಿ ಮಾಡುತ್ತಿದ್ದರು.

"ಏನ್ ಭಾವ, ಹಬ್ಬ ಬೇಡ, ಹಬ್ಬದ ಸಿಹಿ ಬೇಕಾ?" ಎಂದು ನಾನು ಕಾಲೆಳೆಯುತ್ತಿದ್ದೆ.

"ಸಿಹಿ ಕಣ್ಣಿಗೆ ಕಾಣುತ್ತಲ್ಲಮ್ಮ," ಎಂದು ಇನ್ನೊಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಹೀಗೆ ಮೂವತ್ತನಾಲ್ಕು ವರ್ಷ ನಡೆಯಿತು. ನಂತರ ಭಾವ ನಿವೃತ್ತರಾದರು. ಹಾರ ಹಾಕಿಸಿಕೊಂಡು, ಗೋಡೆ ಗಡಿಯಾರ ಹಿಡಿದುಕೊಂಡು ಮನೆಗೆ ಬಂದರು. ಎರಡು ತಿಂಗಳಿಗೆ ದೊಡ್ಡ ಹಬ್ಬ. ಡ್ಯೂಟಿ ಇಲ್ಲ. ಮನುಷ್ಯ ಎಂಥ ಪೇಚಿಗೆ ಸಿಕ್ಕಿದರೆಂದರೆ, ಆಫೀಸಿಗೆ ಹೋಗಿ, ಅಂದು ಒಂದು ದಿನ ಸುಮ್ಮನೆ ಬಂದು ಸಹಾಯ ಮಾಡಲೇ ಎಂದು ಎಂಜಿನಿಯರನ್ನು ಕೇಳಿದರು. "ಸಾಕು ಸಾರ್, ಮನೇಲಿ ಹಬ್ಬ ಮಾಡಿ," ಎಂದು ಅವರು ಕೈಮುಗಿದು ಕಳಿಸಿದರು.

ಅಲ್ಲಿಂದ ನೇರ ಎದುರುಮನೆಯ ಟೈಲರ್ ಹತ್ತಿರ ಹೋದರು. ಟೈಲರ್ ಮಹಾ ದೈವಭಕ್ತ, ಸೂಜಿಗೆ ದಾರ ಪೋಣಿಸುವಾಗಲೂ ದೇವರ ಹೆಸರು ಹೇಳುವವನು. ನಾನು ರವಿಕೆಯ ಅಳತೆ ಕೊಡಲು ಅಕ್ಕನ ಜೊತೆ ಅಲ್ಲೇ ಇದ್ದೆ.

"ನಂಬದವರು ಹಬ್ಬಕ್ಕೆ ಕೂರೋದು ಅಂದ್ರೆ ಟಿಕೆಟ್ ಇಲ್ದೆ ಬಸ್ ಹತ್ತಿದ ಹಾಗೆ ಸಾರ್. ತಪ್ಪು," ಎಂದ ಟೈಲರ್.

"ನಾನೂ ಅದನ್ನೇ ಹೇಳ್ತಿರೋದು! ಅದು ಮೋಸ. ನಿಮಗೂ ಅವಮಾನ, ನನಗೂ ಅವಮಾನ," ಎಂದರು ಭಾವ. ಊರಿಗೆಲ್ಲ ದೊಡ್ಡ ಭಕ್ತ, ಊರಿಗೆಲ್ಲ ದೊಡ್ಡ ನಾಸ್ತಿಕ, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ತಲೆಯಾಡಿಸಿದರು. ನನಗೆ ನಗು ತಡೆಯಲಾಗಲಿಲ್ಲ.

ಅಕ್ಕ ಮಾತ್ರ ನಗಲಿಲ್ಲ. "ನಮ್ಮನೆ ಬಸ್ಸಿಗೆ ಕಂಡಕ್ಟರ್ ನಾನು. ಟಿಕೆಟ್ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ನಾನು ಹೇಳ್ತೀನಿ," ಎಂದಳು. ಟೈಲರ್ ಟೇಪನ್ನು ಕೊರಳಿಗೆ ಸುತ್ತಿಕೊಂಡ. ಅಕ್ಕ ಭಾವನ ಕಡೆ ತಿರುಗಿದಳು. "ನೀವು ನಂಬಿ ಅಂತ ನಾನು ಯಾವತ್ತಾದ್ರೂ ಹೇಳಿದೀನೇನ್ರೀ? ನನ್ನ ಪಕ್ಕ ಕೂತ್ಕೊಳ್ಳಿ ಅಂದೆ, ಅಷ್ಟೇ. ಮೂವತ್ತನಾಲ್ಕು ವರ್ಷ ಆ ವಾಲ್ವ್ ಪಕ್ಕ ಕೂತ್ರಲ್ಲ."

"ವಾಲ್ವ್ ತಿರುಗಿಸಿದ್ರೆ ನೀರು ಬರುತ್ತೆ ಕಣೇ."

"ನನ್ನ ಪಕ್ಕ ಕೂತ್ರೆ ಏನು ಬರುತ್ತೆ ಅಂತ ಒಂದು ಸಲ ಕೂತು ನೋಡಿ. ಈ ಸಲಾನೂ ಆಗಲ್ಲ ಅಂದ್ರೆ ಆ ಕುರ್ಚಿ ತೆಗೆದು ಒಳಗಿಡ್ತೀನಿ. ಇನ್ನು ಕೇಳೋದಿಲ್ಲ."

ಧ್ವನಿ ಏರಿಸಲಿಲ್ಲ, ಕಣ್ಣು ಒದ್ದೆ ಮಾಡಿಕೊಳ್ಳಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಅಕ್ಕ ಜಗಳ ಆಡುವಷ್ಟು ದಿನ ಆಸೆ ಇಟ್ಟುಕೊಂಡಿರುತ್ತಾಳೆ. ಅವಳು ಮೆತ್ತಗೆ ಮಾತಾಡಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಹಬ್ಬದ ದಿನ ಬೆಳಗ್ಗೆ ಐದಕ್ಕೆ ಅಕ್ಕ ಬಚ್ಚಲಿನ ನಲ್ಲಿ ತಿರುಗಿಸಿದಳು. ಬುಸ್ ಎಂದು ಗಾಳಿ ಬಂತು. ನೀರು ಬರಲಿಲ್ಲ. ದಿನಾ ನಮ್ಮ ಬೀದಿಗೆ ಎಂಟಕ್ಕೆ ನೀರು. ಹಬ್ಬದ ದಿನ ಮಾತ್ರ ಜನ ಬೇಗ ಏಳುತ್ತಾರೆಂದು ಭಾವ ಐದಕ್ಕೇ ಬಿಡುತ್ತಿದ್ದರು. ಅಡುಗೆಮನೆಯ ನಲ್ಲಿ ನೋಡಿದೆವು, ಹಿತ್ತಿಲದ್ದು ನೋಡಿದೆವು. ನಾನು ಮಹಡಿ ಹತ್ತಿ ಮೇಲಿನ ನಲ್ಲಿಯನ್ನೂ ತಿರುಗಿಸಿ ನೋಡಿ ಬಂದೆ. ಎಲ್ಲ ಕಡೆ ಅದೇ ಬುಸ್.

ಆರಕ್ಕೆ ಬೀದಿಯೆಲ್ಲ ನಮ್ಮ ಅಂಗಳದಲ್ಲಿತ್ತು. ಕೈಯಲ್ಲಿ ಖಾಲಿ ಕೊಡ, ತಲೆಯಲ್ಲಿ ಸ್ನಾನಕ್ಕೆ ಹಚ್ಚಿದ ಎಣ್ಣೆ. ಟೈಲರ್ ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು, ಒಂದೇ ಕಣ್ಣು ತೆರೆದುಕೊಂಡು ಬಂದಿದ್ದ. "ಏನಾದ್ರೂ ಮಾಡಿ ಸಾರ್, ಉರೀತಿದೆ!"

ಭಾವನ ಮುಖ ನೋಡಬೇಕಿತ್ತು. ಎರಡು ತಿಂಗಳಿಂದ ಬಾಡಿದ್ದ ಮುಖ ಅರಳಿತು. ಡ್ಯೂಟಿ! ಅಂಗಿ ಸಿಕ್ಕಿಸಿಕೊಂಡರು, ಸೈಕಲ್ಲಿನ ಸ್ಟಾಂಡ್ ತೆಗೆದರು. "ನಾನೇ ಹೋಗಿ ಬರ್ತೀನಿ, ಇದು ಬೇರೆಯವರ ಕೈಲಿ ಆಗೋ ಕೆಲಸ ಅಲ್ಲ." ಹೋದರೆ ಬರುವುದು ಎರಡಕ್ಕೇ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ದೇವರೇ ಅಡ್ಡ ಬಂದು ಈ ನಾಸ್ತಿಕನನ್ನು ಕಾಪಾಡಿಬಿಟ್ಟನಲ್ಲ ಎನಿಸಿತು.

ಅಷ್ಟರಲ್ಲಿ ಭಾವನ ಕಣ್ಣು ಕಿಟಕಿಯ ಕಡೆ ಹೋಯಿತು. ಒಳಗೆ ಅಕ್ಕ ಆ ಕುರ್ಚಿಯ ಬೆನ್ನಿಗೆ ಕೈ ಹಾಕಿದ್ದಳು. ಎಳೆದಿರಲಿಲ್ಲ. ಬರೀ ಹಿಡಿದುಕೊಂಡು ನಿಂತಿದ್ದಳು.

ಭಾವ ಸೈಕಲ್ಲಿಗೆ ಸ್ಟಾಂಡ್ ಹಾಕಿದರು. ಜೇಬಿನಿಂದ ಫೋನ್ ತೆಗೆದು ಪಂಪ್‌ಹೌಸಿಗೆ ಮಾಡಿದರು. ಅವರ ಜಾಗಕ್ಕೆ ಬಂದಿದ್ದವಳು ಮೂವತ್ತು ದಾಟಿದ ಹೆಂಗಸು, ಕೆಲಸದಲ್ಲಿ ಬಹಳ ಚುರುಕು. ಒಂದನೇ ತರಗತಿಯಲ್ಲಿ ಅವಳಿಗೆ ಅಕ್ಷರ, ಕಾಗುಣಿತ ತಿದ್ದಿದ ಮೇಷ್ಟರಮ್ಮ ನಾನೇ. ಸ್ಪೀಕರ್ ಹಾಕಿದ್ದರಿಂದ ಅಂಗಳಕ್ಕೆಲ್ಲ ಕೇಳಿಸಿತು.

"ಏನಮ್ಮ, ನೀರೇ ಬಿಟ್ಟಿಲ್ವಲ್ಲ?"

"ಬಿಟ್ಟಿದ್ದೀನಲ್ಲ ಸಾರ್! ಹೋದ ವರ್ಷ ಈ ದಿನ ನೀವು ಏನು ಮಾಡಿದ್ರಿ ಅಂತ ರಿಜಿಸ್ಟರ್ ನೋಡಿ, ಐದಕ್ಕೆ ಸರಿಯಾಗಿ ದೊಡ್ಡ ಬಾವಿ ತೆರೆದೆ."

"ದೊಡ್ಡ ಬಾವಿನಾ? ಅದು ಪಾರ್ಕಿನ ಗಿಡಕ್ಕೆ ಹೋಗೋ ಲೈನ್ ತಾಯಿ! ಅದನ್ನ ಯಾರು ತೆರೀ ಅಂದ್ರು?"

"ನೀವೇ ಬರೆದಿದ್ದೀರಿ ಸಾರ್. 'ದೊ.ಭಾ., ಐದಕ್ಕೆ ತೆರೆದಿದೆ.' ಎಲ್ಲಾ ವರ್ಷಾನೂ ಹಾಗೇ ಇದೆ."

ಭಾವ ಬೆಪ್ಪಾದರು. ಎರಡು ವಾರ ಜೊತೆಗಿದ್ದು ಅವಳಿಗೆ ಹನ್ನೊಂದು ವಾಲ್ವಿನ ಗುಣಾವಗುಣ ಹೇಳಿಕೊಟ್ಟಿದ್ದರು. ದೊ.ಭಾ. ಎಂದರೆ ಏನೆಂದು ಹೇಳಬೇಕೆಂದು ಹೊಳೆದೇ ಇರಲಿಲ್ಲ. ನನಗೆ ಮಾತ್ರ ಬೇರೆಯೇ ಸಂಕಟ. ನನ್ನ ಶಿಷ್ಯೆ! ಮಹಾಪ್ರಾಣಕ್ಕೂ ಅಲ್ಪಪ್ರಾಣಕ್ಕೂ ವ್ಯತ್ಯಾಸ ನೋಡದೆ ಭಾನುವಾರವನ್ನು ಬಾವಿಗೆ ತಳ್ಳಿದ್ದಳು. "ಅದು ಹೊಟ್ಟೆ ಸೀಳಿದ ಭ ಕಣೇ!" ಎಂದು ಕೂಗಿದೆ. ಕೊಡ ಹಿಡಿದವರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ಅವರಿಗೆ ಬೇಕಾಗಿದ್ದದ್ದು ನೀರು.

"ಅದು ಬಾವಿ ಅಲ್ಲಮ್ಮ," ಎಂದರು ಭಾವ. "ಅದು... ಭಾನುವಾರ. ದೊಡ್ಡ ಭಾನುವಾರ."

"ಇವತ್ತು ಬುಧವಾರ ಸಾರ್."

"ಗೊತ್ತಮ್ಮ. ಬುಧವಾರಾನೇ. ಆದರೆ ದೊಡ್ಡ..."

"ಹೋದ ವರ್ಷಾನೂ ಭಾನುವಾರ ಇರ್ಲಿಲ್ಲ, ಮಂಗಳವಾರ ಇತ್ತು ಸಾರ್. ನಿಮ್ಮ ಆರೋಗ್ಯ ಚೆನ್ನಾಗಿದೆ ತಾನೆ?"

ಟೈಲರ್ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡು ನರಳಿದ. ಭಾವನ ಹಣೆಯಲ್ಲಿ ಬೆವರು. ಅವರು ಅಂಗಳ ನೋಡಿದರು, ಆಕಾಶ ನೋಡಿದರು. ಕೊನೆಗೆ ಫೋನನ್ನು ಬಾಯಿಗೆ ಒತ್ತಿ ಹಿಡಿದು ಕಿರುಚಿದರು.

"ಹಬ್ಬ! ಹಬ್ಬ ಅಂತ ಅರ್ಥ ಕಣಮ್ಮ! ಇವತ್ತು ಹಬ್ಬ! ನಾಲ್ಕನೇ ವಾಲ್ವ್ ತೆರೀ!"

ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಮೂರು ಸಲ ಆಡಿದ್ದರು, ಅದೂ ಬೀದಿಯ ಎದುರು. ಫೋನಿನಲ್ಲಿ ಅವಳು, "ಅಯ್ಯೋ, ಹಾಗಂತ ಬರೀಬಾರದಾ ಸಾರ್," ಎಂದಳು. ಒಳಗಿಂದ ಅಕ್ಕ ಫಕ್ಕನೆ ನಕ್ಕದ್ದು ನನಗೆ ಕೇಳಿಸಿತು.

ಇಪ್ಪತ್ತು ನಿಮಿಷಕ್ಕೆ ನೀರು ಬಂತು. ಟೈಲರನ ಕಣ್ಣು ತೆರೆಯಿತು. ಪಾರ್ಕಿನ ಗಿಡಗಳಿಗೆ ಅಂದು ಯಾರೂ ಮಾಡದಷ್ಟು ಜೋರು ಹಬ್ಬವಾಗಿತ್ತೆಂದು ಆಮೇಲೆ ತಿಳಿಯಿತು.

ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಮೇಜಿನ ಮೇಲೆ ದೀಪ ಹಚ್ಚಿದಳು ಅಕ್ಕ. ಯಾರನ್ನೂ ಕರೆಯಲಿಲ್ಲ. ಭಾವ ಬಂದರು. ಒಗೆದ ಅಂಗಿ, ಒದ್ದೆ ತಲೆ. ಪಂಪ್‌ಹೌಸಿನಲ್ಲಿ ತಪಾಸಣೆಗೆ ಬಂದ ಅಧಿಕಾರಿಯ ಎದುರು ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಆ ಕುರ್ಚಿಯಲ್ಲಿ ಕೂತರು.

"ನಾನು ಕಣ್ಣು ಮುಚ್ಚೋದಿಲ್ಲ. ಮೊದಲೇ ಹೇಳ್ತೀನಿ," ಎಂದರು.

"ಮುಚ್ಚಬೇಡಿ. ದೀಪ ಆರದ ಹಾಗೆ ನೋಡ್ಕೊಳ್ಳಿ," ಎಂದಳು ಅಕ್ಕ. ತಾನು ಕಣ್ಣು ಮುಚ್ಚಿ ಶುರು ಮಾಡಿದಳು.

ಅವಳು ಇನ್ನೂ ನಮ್ಮ ದೊಡ್ಡಮ್ಮನ ಮಂಡಿನೋವಿನಲ್ಲಿದ್ದಳು. ಕಿಟಕಿಯ ಹೊರಗೆ ಸುರ್ರೆಂದು ಸದ್ದಾಯಿತು. ಬೀದಿಯವರೆಲ್ಲ ಸ್ನಾನ ಮುಗಿಸಿ ನಲ್ಲಿ ಮುಚ್ಚಿದ್ದರು, ಪ್ರೆಶರ್ ಏರಿತ್ತು, ಮಹಡಿಯ ಮೇಲಿನ ನಲ್ಲಿಗೆ ಈಗ ನೀರು ಹತ್ತಿತ್ತು. ಬೆಳಗ್ಗೆ ತಿರುಗಿಸಿ ನೋಡಿ ಮುಚ್ಚದೆ ಬಂದವಳು ನಾನು. ಎದ್ದು ಹೋಗಬೇಕಾದವಳೂ ನಾನೇ. ಸುಳ್ಳೇಕೆ, ಬೇಕೆಂದೇ ಏಳಲಿಲ್ಲ. ಭಾವ ಏನು ಮಾಡುತ್ತಾರೋ ನೋಡಬೇಕಿತ್ತು.

ಭಾವನ ಕಿವಿ ನೆಟ್ಟಗಾಯಿತು. ಬೆರಳುಗಳು ಮೇಜಿನ ಅಂಚನ್ನು ಹಿಡಿದವು. ನೀರು ತಾರಸಿಯಿಂದ ಅಂಗಳಕ್ಕೆ ಧಾರೆಯಾಗಿ ಬೀಳುತ್ತಿತ್ತು. ತಮ್ಮ ಮದುವೆಯಲ್ಲೇ ಎದ್ದು ಹೋಗಿದ್ದ ಮನುಷ್ಯ! ಅರ್ಧ ಎದ್ದರು. ಪಕ್ಕಕ್ಕೆ ನೋಡಿದರು. ಅಕ್ಕ ಕಣ್ಣು ಮುಚ್ಚಿಕೊಂಡೇ ಪ್ರಾರ್ಥಿಸುತ್ತಿದ್ದಳು. ಮತ್ತೆ ಕೂತರು.

ಅಕ್ಕನ ಮಾತು ನಿಂತಿತು. ಕಣ್ಣು ತೆರೆಯದೆಯೇ, "ನೀರು ಹೋಗ್ತಿದೆಯಲ್ರೀ," ಎಂದಳು.

"ಹೋಗಲಿ ಬಿಡು," ಎಂದರು ಭಾವ. "ನೀನು ಮುಗಿಸು."

ಅವರ ಬಾಯಲ್ಲಿ ಹಬ್ಬ ಎಂಬ ಮಾತಾದರೂ ಬರಬಹುದೆಂದು ಎಣಿಸಿದ್ದೆ, ಈ ಮಾತು ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕ ಕಣ್ಣು ತೆರೆದು ಭಾವನನ್ನು ನೋಡಿದಳು. ಇನ್ನೂ ನೆಂಟರ ಪಟ್ಟಿ ಅರ್ಧವೂ ಆಗಿರಲಿಲ್ಲ. ಮಂಡಿನೋವಿನ ದೊಡ್ಡಮ್ಮನನ್ನು ಹಾಗೆಯೇ ದೇವರ ಮುಂದೆ ನಿಲ್ಲಿಸಿ, ಅವಳು ಕೈ ಮುಗಿದು ಪ್ರಾರ್ಥನೆ ಮುಗಿಸಿದಳು.

"ಉಳಿದಿದ್ದು ನಾಳೆ ಹೇಳ್ತೀನಿ, ಅವನೆಲ್ಲೂ ಓಡಿಹೋಗಲ್ಲ," ಎಂದಳು. "ಹೋಗಿ, ನಲ್ಲಿ ಮುಚ್ಚಿ ಬನ್ನಿ. ಕುರ್ಚಿ ಇಲ್ಲೇ ಇರುತ್ತೆ."

ಭಾವ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದರು. ಅವರು ಬರುವವರೆಗೆ ಅಕ್ಕ ನನ್ನ ತಟ್ಟೆಗೂ ಬಡಿಸಲಿಲ್ಲ.